ಸಕ್ಕರೆ ಕಮ್ಮಿ ಮಾಡಿದ 90 ದಿನದ ಲೆಕ್ಕ: ತೂಗಿದ್ದು, ಬರ್ದಿದ್ದು, ಕೆಡಿಸ್ಕೊಂಡಿದ್ದು

ನಿನ್ನೆಗೆ 90 ದಿನ ಮುಗೀತು. ನೋಟ್‌ಬುಕ್ ಎದುರಿಗಿಟ್ಕೊಂಡು ಬರೀತಿದೀನಿ. ಶುರು ಮಾಡೋವಾಗ ನಾನೂ ಇಂಥದ್ದೊಂದು ಲೆಕ್ಕ ಹುಡುಕಿದ್ದೆ, ಸಿಕ್ಕಿದ್ದೆಲ್ಲ ಇದನ್ನ ತಿನ್ನಿ ಅದನ್ನ ಬಿಡಿ ಅನ್ನೋ ಪಟ್ಟಿಗಳೇ, ಎಷ್ಟನೇ ದಿನ ತಲೆನೋವು ಬಂತು, ಎಷ್ಟು ಗ್ರಾಂ ಅನ್ನ ತಿಂದ್ರು, ಎಲ್ಲಿ ಎಡವಿದ್ರು ಅಂತ ಯಾರೂ ಬರ್ದಿರ್ಲಿಲ್ಲ.

ಕಾರಣ ಇಷ್ಟೇ, ರಕ್ತ ಪರೀಕ್ಷೇಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಶುಗರ್ ಸರಾಸರಿ ಹೇಳೋ ಅಂಕಿ) ಶೇಕಡ 6.1 ಬಂತು. 5.7 ರಿಂದ 6.4 ತನಕ ಡಯಾಬಿಟಿಸ್‌ಗೆ ಹಿಂದಿನ ಮೆಟ್ಟಿಲು, 6.5 ಇಲ್ಲಾ ಅದಕ್ಕಿಂತ ಮೇಲಿದ್ರೆ ಡಯಾಬಿಟಿಸ್. ಮಾತ್ರೆ ಏನೂ ಕೊಡ್ಲಿಲ್ಲ, ಊಟ ಸರಿ ಮಾಡ್ಕೊಂಡು ಮೂರು ತಿಂಗಳಾದ್ಮೇಲೆ ಬನ್ನಿ ಅಂದ್ರು ಡಾಕ್ಟ್ರು.

ಮುಂದೆ ಹೋಗೋಕೆ ಮುಂಚೆ ಒಂದು ಮಾತು. ಇನ್ಸುಲಿನ್ ತಗೊಳ್ಳೋರು, ಶುಗರ್ ಇಳಿಸೋ ಮಾತ್ರೆ ತಗೊಳ್ಳೋರು ಇದನ್ನ ನೋಡಿ ಹಾಗೇ ಮಾಡ್ಬೇಡಿ. ಔಷಧಿ ಅಷ್ಟೇ ಇದ್ದು ಊಟದಲ್ಲಿ ಕಾರ್ಬ್ (ಅನ್ನ, ಹಿಟ್ಟು, ಸಕ್ಕರೇಲಿರೋ ಕಾರ್ಬೋಹೈಡ್ರೇಟ್) ದಿಢೀರ್ ಕಮ್ಮಿ ಆದ್ರೆ ಶುಗರ್ 70ಕ್ಕಿಂತ ಕೆಳಗೆ ಹೋಗ್ಬಹುದು, ಅದು ಅಪಾಯ. ಡೋಸ್ ಬಗ್ಗೆ ಡಾಕ್ಟ್ರ ಹತ್ರ ಮೊದ್ಲು ಮಾತಾಡಿ. ಬಸುರಿ ಹೆಂಗಸ್ರು, ಕಿಡ್ನಿ ತೊಂದ್ರೆ ಇರೋರು, ಬೆಳೆಯೋ ಮಕ್ಕಳಿಗೂ ಇದು ಅನ್ವಯ ಆಗಲ್ಲ.

ಸಾಮಾನು

ಅಡುಗೆಮನೆ ಡಿಜಿಟಲ್ ತಕ್ಕಡಿ (1 ಗ್ರಾಂ ತನಕ ತೋರ್ಸೋದು), 5 ಮಿಲೀ ಮತ್ತೆ 15 ಮಿಲೀ ಅಳತೆ ಸ್ಪೂನು, ಟೈಲರ್ ಟೇಪು, ನೋಟ್‌ಬುಕ್, ಪೆನ್ಸಿಲ್. ಗ್ಲುಕೋಮೀಟರ್ (ಬೆರಳು ಚುಚ್ಚಿ ರಕ್ತದ ಶುಗರ್ ನೋಡೋ ಮೀಟರ್) ಮೂರನೇ ವಾರದಲ್ಲಿ ತಗೊಂಡೆ, ಜೊತೆಗೆ 50 ಸ್ಟ್ರಿಪ್. ಇದ್ರಲ್ಲಿ ನಿಜವಾಗ್ಲೂ ಖರ್ಚು ಅಂತ ಆಗೋದು ಸ್ಟ್ರಿಪ್‌ಗೇನೇ, ಮೀಟರ್‌ಗೆ ಅಲ್ಲ, ಅದಕ್ಕೆ ಯಾವ ದಿನ ಯಾವ ಪರೀಕ್ಷೆ ಅಂತ ಮೊದ್ಲೇ ಬರ್ದಿಟ್ಕೊಂಡು ಚುಚ್ಕೊಂಡೆ. ಒಂದೇ ಒಂದು ಸಾಮಾನು ತಗೋಬಹುದು ಅಂದ್ರೆ ತಕ್ಕಡಿ ತಗೊಳ್ಳಿ.

ದಿನ 1 ರಿಂದ 4: ಏನೂ ಬದಲಾಯಿಸ್ದೆ ಬರೀ ತೂಗಿದ್ದು

ನಾನು ಚಹಾಗೆ ಹಾಕ್ಕೊಳ್ಳೋದು ಒಂದೇ ಸ್ಪೂನ್ ಸಕ್ಕರೆ ಅಂತ ವರ್ಷಗಟ್ಟಲೆ ಹೇಳ್ಕೊಂಡು ಬಂದಿದ್ದೆ. ಅಳತೆ ಸ್ಪೂನಿನಲ್ಲಿ ಮಟ್ಟವಾಗಿ ಒಂದು ಸ್ಪೂನ್ ಅಂದ್ರೆ ಸುಮಾರು 4 ಗ್ರಾಂ. ನಮ್ಮನೆ ಡಬ್ಬೀಲಿರೋ ಸ್ಪೂನು ದೊಡ್ಡದು, ನಾನು ತುಂಬೋದು ಗೋಪುರ, ತೂಗಿದ್ರೆ 9 ಗ್ರಾಂ. ದಿನಕ್ಕೆ ನಾಲ್ಕು ಕಪ್, ಅಲ್ಲಿಗೆ 36 ಗ್ರಾಂ ಬರೀ ಚಹಾದಲ್ಲೇ ಹೋಯ್ತು. ಆಮೇಲೆ ಆರೋಗ್ಯ ಅಂತ ಕುಡೀತಿದ್ದ ಒಂದು ಗ್ಲಾಸ್ ಕಿತ್ತಳೆ ಜ್ಯೂಸು 250 ಮಿಲೀ, ಅದ್ರಲ್ಲಿ 21 ಗ್ರಾಂ. ಬಿಸ್ಕತ್ತು 10, ಹಣ್ಣಿನ ಫ್ಲೇವರ್ ಮೊಸರಿನ ಕಪ್ಪು 13, ಟೊಮೇಟೊ ಕೆಚಪ್ ಎರಡು ದೊಡ್ಡ ಸ್ಪೂನಿಗೆ 8. ಒಟ್ಟು 88.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿರೋದು, ಇಂಥ ಸಕ್ಕರೆ ದಿನದ ಒಟ್ಟು ಶಕ್ತೀಲಿ 10%ಗಿಂತ ಕಮ್ಮಿ ಇರ್ಬೇಕು, 5%ಗಿಂತ ಕಮ್ಮಿ ಆದ್ರೆ ಇನ್ನೂ ಒಳ್ಳೇದು ಅಂತ. 2000 ಕ್ಯಾಲೊರಿ ಊಟಕ್ಕೆ ಅದು 50 ಗ್ರಾಂ ಮತ್ತೆ 25 ಗ್ರಾಂ. ಜ್ಯೂಸು, ಜೇನುತುಪ್ಪ ಈ ಲೆಕ್ಕಕ್ಕೆ ಸೇರುತ್ತೆ, ಇಡೀ ಹಣ್ಣು ಮತ್ತೆ ಹಾಲಿನಲ್ಲಿರೋದು ಸೇರಲ್ಲ.

ಆದ್ರೆ ನನ್ನ ಕಣ್ಣು ತೆರೆಸಿದ್ದು ಸಕ್ಕರೆ ಡಬ್ಬಿ ಅಲ್ಲ, ಅನ್ನ. ಒಂದು ಬಟ್ಟಲು ಅನ್ಕೊಂಡಿದ್ದು ಮಧ್ಯಾಹ್ನ ತೂಗಿದ್ರೆ 340 ಗ್ರಾಂ, ರಾತ್ರಿ 280. ಬೆಂದ ಅನ್ನ 100 ಗ್ರಾಂಗೆ ಸುಮಾರು 28 ಗ್ರಾಂ ಕಾರ್ಬ್, ಅಂದ್ರೆ ಎರಡು ಹೊತ್ತಿಗೆ 173. ಬೆಳಿಗ್ಗೆ ನಾಲ್ಕು ಸ್ಲೈಸ್ ಬ್ರೆಡ್ಡು 52, ಬಿಸ್ಕತ್ತಿನ ಹಿಟ್ಟು 16, ಹಾಲು 20, ಮೇಲಿನ ಸಕ್ಕರೆ 88. ಬೇಳೆ ತರಕಾರಿ ಬಿಟ್ಟೇ ದಿನಕ್ಕೆ 350 ಗ್ರಾಂ ಹತ್ರ. ಸೊಂಟ 98 ಸೆಂಮೀ, ತೂಕ 81.4 ಕೇಜಿ. ಇದಿಷ್ಟು ಮೊದಲ ಪುಟ.

ದಿನ 5 ರಿಂದ 9: ಪೂರ್ತಿ ತಪ್ಪು ಮಾಡಿದ್ದು

ಲೆಕ್ಕ ನೋಡಿ ಹೆದರಿ ಎಲ್ಲಾನೂ ಒಂದೇ ದಿನ ನಿಲ್ಲಿಸ್ದೆ. ದಿನಕ್ಕೆ 30 ಗ್ರಾಂ ಕಾರ್ಬ್ ಮೇಲೆ ಹೋಗ್ಬಾರ್ದು ಅಂತ. ಆರನೇ ದಿನ ತಲೆನೋವು, ಏಳನೇ ದಿನ ರಾತ್ರಿ ಮೀನಖಂಡ ಹಿಡ್ಕೊಂಡು ಎದ್ದು ಕೂತೆ, ಎಂಟಕ್ಕೆ ಮಲಬದ್ಧತೆ, ಮನೇಲಿ ಎಲ್ರ ಮೇಲೂ ಸಿಡುಕು. ಆದ್ರೂ ಖುಷೀಲಿದ್ದೆ ಯಾಕಂದ್ರೆ ನಾಲ್ಕೇ ದಿನದಲ್ಲಿ ತೂಕ 2 ಕೇಜಿ ಇಳಿದಿತ್ತು. ಅದು ಬಹುಪಾಲು ನೀರು, ಕಾರ್ಬ್ ಒಮ್ಮೆಲೇ ಕಡಿದ್ರೆ ಮೈ ನೀರನ್ನೂ ಉಪ್ಪನ್ನೂ ಹೊರಗೆ ಹಾಕುತ್ತೆ, ತಲೆನೋವಿಗೂ ಸುಸ್ತಿಗೂ ಅದೇ ಕಾರಣ ಅಂತ ಆಮೇಲೆ ಗೊತ್ತಾಯ್ತು. ಒಂಬತ್ತನೇ ದಿನ ರಾತ್ರಿ ಅಡುಗೆಮನೇಲಿ ನಿಂತ್ಕೊಂಡೇ ಒಂದು ಪೂರ್ತಿ ಪ್ಯಾಕೆಟ್ ಬಿಸ್ಕತ್ತು ಮುಗಿಸ್ದೆ. ಎರಡು ದಿನದಲ್ಲಿ 2 ಕೇಜೀಲಿ ಒಂದೂವರೆ ವಾಪಸ್ ಬಂತು.

ಆವತ್ತಿನ ಪುಟದಲ್ಲಿ ಬರ್ದಿರೋದು ಹೀಗೆ: ತೆಗೆದೆ, ಆದ್ರೆ ತೆಗೆದ ಜಾಗಕ್ಕೆ ಏನೂ ಇಡ್ಲಿಲ್ಲ. ಅನ್ನ ಕಮ್ಮಿ ಮಾಡಿದ್ದೆ, ತರಕಾರಿ ಮೊದಲಿನಷ್ಟೇ ಇತ್ತು, ಮೊಟ್ಟೆ ಜಾಸ್ತಿ ಮಾಡಿರ್ಲಿಲ್ಲ. ಹಸ್ಕೊಂಡಿದ್ದೆ ಅಷ್ಟೇ, ಅದಕ್ಕೆ ಲೋ ಕಾರ್ಬ್ ಅಂತ ಹೆಸರಿಟ್ಕೊಂಡಿದ್ದೆ.

ದಿನ 10 ರಿಂದ 30: ಮೆಟ್ಟಿಲು ಮೆಟ್ಟಿಲಾಗಿ

ಹೊಸ ಗುರಿ ದಿನಕ್ಕೆ 130 ಗ್ರಾಂ ಒಳಗೆ. ಸಾಮಾನ್ಯವಾಗಿ ಲೋ ಕಾರ್ಬ್ ಅಂತ ಕರೆಯೋದು ಈ ಗೆರೆಯಿಂದ ಕೆಳಗೇನೇ, 20, 30 ಗ್ರಾಂಗೆ ಇಳೀಲೇಬೇಕು ಅಂತೇನಿಲ್ಲ.

ಚಹಾದ ಸಕ್ಕರೆ ಮೊದಲು. 9 ಗ್ರಾಂ ಇದ್ದಿದ್ದನ್ನ 6, ಆಮೇಲೆ 4, ಆಮೇಲೆ 2, ಒಂದೊಂದು ಮೆಟ್ಟಿಲಲ್ಲೂ ಐದು ದಿನ. ನಾಲ್ಕು ಕಪ್ಪನ್ನ ಎರಡಕ್ಕೆ ಇಳಿಸಿದ್ದೂ ಇದೇ ಸಮಯದಲ್ಲಿ. ಮಧ್ಯ ಒಂದ್ಸಲ ಆತುರಪಟ್ಟು 6ರಿಂದ ನೇರ 2ಕ್ಕೆ ಹಾರಿದೆ, ಎರಡು ದಿನ ಚಹಾ ಕಷಾಯದ ಥರ ಅನ್ನಿಸ್ತು, ಮೂರನೇ ದಿನ ವಾಪಸ್ 6. ಮತ್ತೆ 4ರಲ್ಲಿ ಐದು ದಿನ ಇದ್ದು ಆಮೇಲೆ 2ಕ್ಕೆ ಬಂದ್ರೆ ತೊಂದ್ರೆ ಆಗ್ಲಿಲ್ಲ. ಮೂರು ವಾರ ಆದ್ಮೇಲೆ ಯಾರೋ ಮೊದಲಿನ ಅಳತೇಲಿ ಮಾಡಿಕೊಟ್ಟ ಚಹಾ ಕುಡಿಯೋಕಾಗ್ಲಿಲ್ಲ, ಗಂಟಲಿಗೆ ಅಂಟ್ಕೊಂಡ ಹಾಗೆ.

ತೂಗೋದ್ರಲ್ಲಿ ಒಂದು ಉಪಾಯ ಹೇಳ್ತೀನಿ. ಅಡುಗೆಮನೆ ತಕ್ಕಡಿಗೆ ಖಾಲಿ ಕಪ್ಪಿಗೆ ಸ್ವಲ್ಪ ಸ್ವಲ್ಪವೇ ಉದುರಿಸಿದ 2 ಗ್ರಾಂ ಎಷ್ಟೋ ಸಲ ಗೊತ್ತೇ ಆಗಲ್ಲ. ಅದಕ್ಕೆ ಸಕ್ಕರೆ ಡಬ್ಬೀನೇ ಮೇಲಿಟ್ಟು ಸೊನ್ನೆ ಮಾಡಿ, ಸ್ಪೂನಲ್ಲಿ ತೆಗೆದಾಗ ಮೈನಸ್ ಎಷ್ಟು ತೋರ್ಸುತ್ತೆ ನೋಡಿ, ಅದು ಸರಿಯಾಗಿ ಬರುತ್ತೆ.

ಈ ಹಂತದಲ್ಲಿ ಕೈ ಸುಟ್ಕೊಂಡಿದ್ದು ಮೂರು ಕಡೆ. ಮೊದಲನೇದು ಜೇನುತುಪ್ಪ. ಸಕ್ಕರೆ ಬದ್ಲು ಜೇನು ಅಂತ ಒಂದು ವಾರ ಹಾಕ್ಕೊಂಡೆ, ತೂಗಿ ನೋಡಿದ್ರೆ ಒಂದು ದೊಡ್ಡ ಸ್ಪೂನು 21 ಗ್ರಾಂ, ಅದ್ರಲ್ಲಿ 17 ಗ್ರಾಂ ಸಕ್ಕರೇನೇ. ಎರಡನೇದು ಶುಗರ್ ಫ್ರೀ ಅಂತ ಬರ್ದಿರೋ ಚಾಕಲೇಟು, ಸಕ್ಕರೆ ಬದ್ಲು ಮಾಲ್ಟಿಟಾಲ್ ಹಾಕಿರ್ತಾರೆ, ಅರ್ಧ ಪ್ಯಾಕೆಟ್ ತಿಂದು ರಾತ್ರಿಯೆಲ್ಲ ಹೊಟ್ಟೆ ಉಬ್ಬರ, ಬೆಳಿಗ್ಗೆ ಭೇದಿ. ಅದೂ ಅಲ್ದೆ ಮಾಲ್ಟಿಟಾಲ್ ರಕ್ತದ ಶುಗರ್ ಏರಿಸಲ್ಲ ಅಂತೇನಿಲ್ಲ, ಸಕ್ಕರೆಗಿಂತ ಕಮ್ಮಿ ಏರಿಸುತ್ತೆ ಅಷ್ಟೇ. ಮೂರನೇದು ಸಿಹಿ ಮಾತ್ರೆ, ಚಹಾಗೆ ಹಾಕೋದು. ಶುಗರ್ ಏರ್ಲಿಲ್ಲ, ಆದ್ರೆ ಸಿಹಿ ಬೇಕು ಅನ್ನೋ ಆಸೆ ಒಂದಿಷ್ಟೂ ಕಮ್ಮಿ ಆಗ್ಲಿಲ್ಲ. ತೂಕ ಇಳಿಸೋಕೆ ಅಂತ ಇವನ್ನ ಬಳಸ್ಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೇನೂ 2023ರಲ್ಲಿ ಹೇಳಿದೆ. ನಾನು ಪಕ್ಕಕ್ಕಿಟ್ಟೆ. ನಾಲಿಗೆನೇ ಬದ್ಲಾಗೋದು ಮೇಲು ಅಂತ ನನ್ನ ಅಭಿಪ್ರಾಯ.

ದಿನ 18: ಶೆಲ್ಫು ಖಾಲಿ ಮಾಡಿದ್ದು

ಒಂದು ಮಧ್ಯಾಹ್ನ ಪೂರ್ತಿ, ಮೂರೂವರೆ ಗಂಟೆ ಹಿಡೀತು. ಎಲ್ಲಾ ಪ್ಯಾಕೆಟ್ ಇಳಿಸಿ ಹಿಂದಿನ ಲೇಬಲ್ ಓದಿ, 100 ಗ್ರಾಂಗೆ ಎಷ್ಟು ಸಕ್ಕರೆ ಅಂತ ನೋಡಿ, ಅದನ್ನ 4ರಿಂದ ಭಾಗಿಸಿ ಅಷ್ಟು ಸ್ಪೂನು ಅಂತ ಮೇಲೆ ಪೆನ್ಸಿಲಲ್ಲಿ ಗೀಟು ಹಾಕ್ದೆ. ಸರ್ವಿಂಗ್‌ಗೆ ಎಷ್ಟು ಅನ್ನೋ ಸಾಲು ನಂಬ್ಬೇಡಿ, ಎರಡು ಬಿಸ್ಕತ್ತನ್ನ ಒಂದು ಸರ್ವಿಂಗ್ ಅಂತ ಬರ್ದಿರ್ತಾರೆ, ಎರಡಕ್ಕೆ ಯಾರು ನಿಲ್ಲಿಸ್ತಾರೆ. ಪದಾರ್ಥಗಳ ಪಟ್ಟೀಲಿ ಜಾಸ್ತಿ ಇರೋದು ಮೊದಲು ಬರುತ್ತೆ, ಆದ್ರೆ ಸಕ್ಕರೇನ ನಾಲ್ಕು ಹೆಸರಲ್ಲಿ ಹಂಚಿ ಹಾಕಿದ್ರೆ ಒಂದೊಂದೂ ಕೆಳಗೆ ಹೋಗುತ್ತೆ: ಡೆಕ್ಸ್‌ಟ್ರೋಸ್, ಗ್ಲೂಕೋಸ್ ಸಿರಪ್, ಫ್ರಕ್ಟೋಸ್, ಇನ್ವರ್ಟ್ ಸಿರಪ್, ಹಣ್ಣಿನ ರಸದ ಕಾನ್ಸನ್‌ಟ್ರೇಟ್. ಮಾಲ್ಟೋಡೆಕ್ಸ್‌ಟ್ರಿನ್ ಅಂತ ಒಂದಿದೆ, ಸಕ್ಕರೆ ಲೆಕ್ಕಕ್ಕೆ ಬರಲ್ಲ, ರಕ್ತಕ್ಕೆ ಸೇರೋದು ಮಾತ್ರ ಅಷ್ಟೇ ಬೇಗ. ಖಾರದ ಸೂಪ್ ಪ್ಯಾಕೆಟ್‌ನಲ್ಲೂ ಸಕ್ಕರೆ ಇತ್ತು, ಅದನ್ನ ನಾನು ಅನ್ಕೊಂಡೇ ಇರ್ಲಿಲ್ಲ.

ಇಲ್ಲಿ ಮಾಡಿದ ತಪ್ಪು ಊಟದ್ದಲ್ಲ. ಮನೆಯವರನ್ನ ಕೇಳ್ದೆ ಬಿಚ್ಚದ ಪ್ಯಾಕೆಟ್‌ಗಳನ್ನೆಲ್ಲ ಕೊಟ್ಬಿಟ್ಟೆ. ಕಾಯಿಲೆ ಹತ್ರ ಬಂದಿರೋದು ನನಗೆ, ಅವ್ರಿಗಲ್ಲ, ಸಂಜೆ ದೊಡ್ಡ ಜಗಳಾನೇ ಆಯ್ತು, ತಪ್ಪು ನಂದೇ. ಕ್ಷಮೆ ಕೇಳಿ, ಅವ್ರ ಸಾಮಾನಿಗೆ ಮೇಲಿನ ಶೆಲ್ಫು, ಮುಚ್ಚಳ ಇರೋ ಡಬ್ಬಿ, ನನ್ನದು ಕಣ್ಣಿನ ಮಟ್ಟಕ್ಕೆ ಅಂತ ಹಂಚ್ಕೊಂಡ್ವಿ. ಇದನ್ನ ಮೊದಲ ದಿನಾನೇ ಮಾಡ್ಬೇಕಿತ್ತು.

ದಿನ 22 ರಿಂದ 36: ಅನ್ನದ ಜೊತೆ ಪ್ರಯೋಗ

ಗ್ಲುಕೋಮೀಟರ್ ಬಂದ ಮೇಲೆ ಮೊದಲ ರೀಡಿಂಗ್ 212. ಎದೆ ಧಸಕ್ಕಂತು. ಆಮೇಲೆ ನೆನಪಾಯ್ತು, ಹತ್ತು ನಿಮಿಷದ ಹಿಂದೆ ಕಿತ್ತಳೆ ಸುಲಿದಿದ್ದೆ. ಸೋಪಲ್ಲಿ ಕೈ ತೊಳ್ದು ಚೆನ್ನಾಗಿ ಒರೆಸಿ ಮತ್ತೆ ನೋಡಿದ್ರೆ 118. ಬೆರಳ ಮೇಲಿರೋ ಹಣ್ಣಿನ ರಸಾನೂ ಮೀಟರ್ ಲೆಕ್ಕಕ್ಕೆ ತಗೊಳುತ್ತೆ. ಇನ್ನೊಂದು, ಮನೇಲಿ ಇಟ್ಕೊಳ್ಳೋ ಮೀಟರ್‌ಗಳಿಗೆ ಶೇಕಡ 15ರಷ್ಟು ಆಚೀಚೆ ಆಗೋಕೆ ಅವಕಾಶ ಇದೆ, ಹಾಗಾಗಿ 132, 139 ಅನ್ನೋ ವ್ಯತ್ಯಾಸಕ್ಕೆ ತಲೆ ಕೆಡಿಸ್ಕೊಳ್ಳೋದು ಬೇಡ.

ಪ್ರಯೋಗ ಇಷ್ಟು. ಒಂದೇ ಅಳತೆ ಅನ್ನ, 150 ಗ್ರಾಂ, ಒಂದೇ ಹೊತ್ತು, ಮೂರು ಥರ, ಊಟ ಶುರುವಾಗಿ ಒಂದು ಗಂಟೆಗೆ ರೀಡಿಂಗ್, ಒಂದೊಂದನ್ನೂ ಎರಡೆರಡು ದಿನ. ಅನ್ನ ಮೊದಲು ತಿಂದಾಗ 178 ಮತ್ತೆ 171. ತರಕಾರಿ, ಮೊಟ್ಟೆ ಮೊದಲು ಮುಗಿಸಿ ಕೊನೇಲಿ ಅನ್ನ ತಿಂದಾಗ 151, 146. ಹಾಗೇ ತಿಂದು ತಕ್ಷಣ 15 ನಿಮಿಷ ನಡೆದಾಗ 134, 139. ನನ್ನೊಬ್ಬನ ಮೈದು ಈ ಅಂಕಿ, ನಿಮ್ಮದು ಬೇರೆ ಇರುತ್ತೆ, ಆದ್ರೆ ಅದೇ ಅನ್ನ ಅಷ್ಟೇ ತಿಂದು ಬರೀ ಸರದಿ ಬದಲಾಯಿಸಿದ್ದಕ್ಕೆ ಇಷ್ಟು ಇಳೀತಲ್ಲ ಅಂತ ನನಗೆ ತುಂಬಾ ಸಮಾಧಾನ ಆಯ್ತು. ಅನ್ನ ಬಿಡ್ಬೇಕಾಗಿಲ್ಲ ಅನ್ನೋದೇ ಒಂದು ಬಿಡುಗಡೆ.

ದಿನಾ ತೂಗೋದು ಬೇಜಾರು ಬಂತು. ಅದಕ್ಕೆ ಮನೇಲಿರೋ ಬಟ್ಟಲು, ಲೋಟ ಎಲ್ಲಾ ಇಟ್ಕೊಂಡು ಅನ್ನ ತುಂಬಿ ತೂಗ್ತಾ ಹೋದೆ. ಆರನೇ ಬಟ್ಟಲು ಮಟ್ಟವಾಗಿ ತುಂಬಿದ್ರೆ 120 ಗ್ರಾಂ, ಅಂದ್ರೆ 34 ಗ್ರಾಂ ಕಾರ್ಬ್. ಅದೇ ನನ್ನ ಅನ್ನದ ಬಟ್ಟಲು ಈಗ. ತಟ್ಟೇನೂ ಬದಲಾಯಿಸ್ದೆ, 27 ಸೆಂಮೀ ಇದ್ದಿದ್ದು 22 ಸೆಂಮೀಗೆ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಮೊಟ್ಟೆ ಮೀನು ಬೇಳೆ, ಉಳಿದ ಕಾಲಿಗೆ ಆ ಬಟ್ಟಲು.

ಹೂಕೋಸಿನ ಅನ್ನ ಅಂತ ಎಲ್ರೂ ಹೇಳೋದನ್ನೂ ಮಾಡಿ ನೋಡ್ದೆ. ಮೊದಲ ಸಲ ಸಣ್ಣಗೆ ತುರಿದು ಮುಚ್ಚಳ ಮುಚ್ಚಿ ಬೇಯಿಸ್ದೆ, ಗಂಜಿ ಆಯ್ತು, ಯಾರೂ ಮುಟ್ಲಿಲ್ಲ. ಎರಡನೇ ಸಲ ಹೊಗೆ ಬರೋ ತನಕ ಹುರಿದೆ, ಕಹಿ. ಮೂರನೇ ಸಲ ದಪ್ಪಗೆ ತುರಿದು, ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು, ಬಟ್ಟೇಲಿ ಕಟ್ಟಿ ಹಿಂಡಿ, ಅಗಲ ಬಾಣಲೇಲಿ ಮುಚ್ಚಳ ಇಲ್ದೆ ದೊಡ್ಡ ಉರೀಲಿ ಐದೇ ನಿಮಿಷ. ಉದುರು ಉದುರಾಗಿ ಬಂತು. ಆದ್ರೂ ಅದನ್ನೇ ಅನ್ನ ಅಂತ ತಿನ್ನೋಕೆ ನನ್ನಿಂದ ಆಗ್ಲಿಲ್ಲ, 60 ಗ್ರಾಂ ನಿಜವಾದ ಅನ್ನಕ್ಕೆ 150 ಗ್ರಾಂ ಇದು ಬೆರೆಸಿದ್ರೆ ಮನೆಯವ್ರೂ ತಿಂತಾರೆ.

ದಿನ 31 ರಿಂದ 44: ತೂಕ ನಿಂತುಹೋಗಿದ್ದು

ಹದಿನಾಲ್ಕು ದಿನ ತೂಕ 78.6ರಿಂದ ಅಲ್ಲಾಡ್ಲಿಲ್ಲ. ಕಾರ್ಬ್ ಲೆಕ್ಕ ಸರಿ ಇದೆ, ಸಕ್ಕರೆ ಕಮ್ಮಿ ಇದೆ, ಎಲ್ಲಿ ತಪ್ತಾ ಇದೆ ಗೊತ್ತಾಗ್ತಿರ್ಲಿಲ್ಲ. ಕೊನೆಗೆ ಒಂದು ದಿನ ಬೆಳಿಗ್ಗೆ ಕಡಲೆಕಾಯಿ ಬೀಜದ ಡಬ್ಬಿ ತೂಗಿ ಬರ್ದಿಟ್ಟೆ, ರಾತ್ರಿ ಮತ್ತೆ ತೂಗ್ದೆ. 110 ಗ್ರಾಂ ಕಮ್ಮಿ. ಕೆಲಸ ಮಾಡ್ತಾ ಹಿಡಿ ಹಿಡಿ ತಿಂದಿದ್ದು, 600 ಕ್ಯಾಲೊರಿ ಮೇಲೆ. ಕಾರ್ಬ್ ಕಮ್ಮಿ ಅಂತ ಲೆಕ್ಕಾನೇ ಇಡ್ತಿರ್ಲಿಲ್ಲ. ಈಗ ಭಾನುವಾರ ಏಳು ಪುಟ್ಟ ಡಬ್ಬೀಲಿ 30 ಗ್ರಾಂನಂತೆ ತುಂಬಿಡ್ತೀನಿ, ದಿನಕ್ಕೆ ಒಂದು ಡಬ್ಬಿ, ಮುಗೀತು ಅಂದ್ರೆ ಮುಗೀತು.

ಇದೇ ಸಮಯದ ಇನ್ನೊಂದು ತಪ್ಪು ನನಗೆ ಎಲ್ಲಕ್ಕಿಂತ ಬೇಜಾರು ತಂದಿದ್ದು. ಬೇಳೆಕಾಳು ಬಿಟ್ಟಿದ್ದೆ. ಬೆಂದ ಬೇಳೆ 100 ಗ್ರಾಂಗೆ 20 ಗ್ರಾಂ ಕಾರ್ಬ್ ಅಂತ ನೋಡಿ ಹೆದರಿದ್ದೆ, ಅದ್ರಲ್ಲಿ ಸುಮಾರು 8 ಗ್ರಾಂ ನಾರು, 9 ಗ್ರಾಂ ಪ್ರೋಟೀನ್ ಇರೋದನ್ನ ನೋಡ್ಲಿಲ್ಲ. ಆ ಜಾಗಕ್ಕೆ ಬೆಣ್ಣೆ, ಕ್ರೀಮು, ಚೀಸು ತುಂಬಿಸ್ದೆ. ಮಲಬದ್ಧತೆ ಹೋಗ್ಲೇ ಇಲ್ಲ, ಮತ್ತೆ ಇದ್ರ ಬೆಲೆ ಏನು ಅಂತ ಕೊನೇ ರಿಪೋರ್ಟ್‌ನಲ್ಲಿ ಗೊತ್ತಾಯ್ತು, ಕೆಳಗೆ ಬರೀತೀನಿ. 45ನೇ ದಿನ ಬೇಳೆ ವಾಪಸ್ ತಂದೆ, ನಾಲ್ಕು ದಿನದಲ್ಲಿ ಹೊಟ್ಟೆ ಸರಿಹೋಯ್ತು.

ದಿನ 47 ಮತ್ತೆ ದಿನ 63: ಎರಡು ಸಮಾರಂಭ

ಮೊದಲ ಸಲ ಸಿಹಿ ತಿಂದು, ಮಾರನೇ ದಿನ ಶಿಕ್ಷೆ ಥರ ಉಪವಾಸ ಮಾಡ್ದೆ, ಸಂಜೆ ಹಸಿವು ತಡೀಲಾರ್ದೆ ಮೊದಲಿಗಿಂತ ಜಾಸ್ತಿ ತಿಂದೆ, ಮೂರು ದಿನ ಹಳಿ ತಪ್ಪಿತು. ಎರಡನೇ ಸಲ ಬೇಕಾದ ಸಿಹಿ ಒಂದು ತುಂಡು ಊಟದ ಕೊನೇಲಿ ತಿಂದು, ನಡೆದು ಬಂದು, ಮುಂದಿನ ಹೊತ್ತಿಗೆ ಅದೇ 120 ಗ್ರಾಂ ಬಟ್ಟಲು. ಏನೂ ಆಗ್ಲಿಲ್ಲ.

ಈಗಿನ ಒಂದು ದಿನ

ಬೆಳಿಗ್ಗೆ ಎರಡು ಮೊಟ್ಟೆ, 150 ಗ್ರಾಂ ತರಕಾರಿ. ಹನ್ನೊಂದಕ್ಕೆ ಒಂದು ಇಡೀ ಕಿತ್ತಳೆ, ಜ್ಯೂಸಲ್ಲ. ಮಧ್ಯಾಹ್ನ ಒಂದು ಬಟ್ಟಲು ಅನ್ನ, 100 ಗ್ರಾಂ ಬೇಳೆ, 250 ಗ್ರಾಂ ತರಕಾರಿ, 100 ಗ್ರಾಂ ಸಪ್ಪೆ ಮೊಸರು. ದಿನಕ್ಕೆ ಎರಡು ಚಹಾ, ಒಂದೊಂದಕ್ಕೆ 2 ಗ್ರಾಂ ಸಕ್ಕರೆ. 30 ಗ್ರಾಂ ಬೀಜ. ರಾತ್ರಿ ಏಳೂವರೆಗೆ ಮೀನು ಇಲ್ಲಾ ಮೊಟ್ಟೆ, 300 ಗ್ರಾಂ ತರಕಾರಿ. ಕೂಡಿದ್ರೆ 125 ಗ್ರಾಂ ಆಸುಪಾಸು. ಹೂಕೋಸು ಬೆರೆಸಿದ ಅನ್ನ ರಾತ್ರಿ ಬೇಕು ಅನ್ನಿಸಿದ ದಿನ ಮಧ್ಯಾಹ್ನದ್ದು ಅರ್ಧ ಮಾಡ್ತೀನಿ.

ದಿನ 90ರ ಅಳತೆ

ತೂಕ 81.4ರಿಂದ 76.2. ಸೊಂಟ 98ರಿಂದ 91. ಎಚ್‌ಬಿಎ1ಸಿ 6.1ರಿಂದ 5.7, ಅಂದ್ರೆ ಇನ್ನೂ ಗೆರೆ ಮೇಲೇ ಇದೀನಿ, ದಾಟಿಲ್ಲ. ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳೋದು, ಹಾಗಾಗಿ ನನ್ನ ಮೊದಲ ವಾರಗಳ ಗೊಂದಲಾನೂ ಇದ್ರಲ್ಲಿ ಸೇರಿದೆ. ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟರಾಲ್ ಮಾತ್ರ 118 ಇದ್ದಿದ್ದು 131 ಆಗಿದೆ. ಅದು ಆ ಬೆಣ್ಣೆ ಕ್ರೀಮಿನ ದಿನಗಳದ್ದು ಅಂತ ನನ್ನ ಊಹೆ, ಡಾಕ್ಟ್ರೂ ಅದನ್ನೇ ಮೊದಲು ಬಿಡಿ ಅಂದ್ರು. ಅಡುಗೆಗೆ ಈಗ ಎಣ್ಣೆ, ಬೆಣ್ಣೆ ವಾರಕ್ಕೊಮ್ಮೆ, ಮೀನು ಎರಡು ಸಲ. ಮೂರು ತಿಂಗಳಾದ್ಮೇಲೆ ಎರಡನ್ನೂ ಮತ್ತೆ ಪರೀಕ್ಷೆ ಮಾಡಿಸ್ಬೇಕು.

ಸಿಕ್ಕಾಕ್ಕೊಂಡಿರೋದು ಒಂದೇ ಕಡೆ, ರಾತ್ರಿ ಒಂಬತ್ತೂವರೆ ಹಸಿವು. ರಾತ್ರಿ ಮೊಟ್ಟೆ ಒಂದು ಜಾಸ್ತಿ ಮಾಡಿ ನೋಡ್ದೆ, ಸ್ವಲ್ಪ ವಾಸಿ, ಪೂರ್ತಿ ಅಲ್ಲ. ಬೇಳೇನ ಮಧ್ಯಾಹ್ನದಿಂದ ರಾತ್ರಿಗೆ ಬದಲಾಯಿಸಿ ಒಂದು ವಾರ ನೋಡೋದು ಮುಂದಿನ ಕೆಲಸ, 14 ಸ್ಟ್ರಿಪ್ ಉಳಿದಿದೆ.

ಚಹಾದ 2 ಗ್ರಾಂನೂ 1 ಮಾಡ್ತಿದೀನಿ ಇವತ್ತಿಂದ. ಅಷ್ಟು ಕಮ್ಮಿ ನಮ್ಮ ತಕ್ಕಡಿಗೆ ಸರಿಯಾಗಿ ಗೊತ್ತಾಗಲ್ಲ, ಅದಕ್ಕೆ 10 ಗ್ರಾಂ ಒಟ್ಟಿಗೆ ತೂಗಿ ಒಂದು ಪುಟ್ಟ ಡಬ್ಬೀಲಿ ಹಾಕಿಟ್ಟಿದೀನಿ. ದಿನಕ್ಕೆ ಎರಡು ಕಪ್, ಐದು ದಿನ ಬರ್ಬೇಕು.